ಹನಿಯ ಜಾಡು: ಹಳೆಯ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪಿನ ಸೋರಿಕೆ

(ಅಂಕೋಲಾ ತಾಲೂಕಿನ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪರಿಸರದ ವೇದಿಕೆಯಲ್ಲಿ ಟ್ರ್ಯಾಕ್ಟರಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ಸುಮಾರು 20 ಹನಿ ಸೇರಿದರೆ 1 ಮಿಲಿಲೀಟರ್. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ಗಂಟೆಗೆ 180 ಮಿಲಿಲೀಟರ್; 8 ಗಂಟೆಯ ಉಳುಮೆಯಲ್ಲಿ ಸುಮಾರು ಒಂದೂವರೆ ಲೀಟರ್ ಎಣ್ಣೆ ಮಣ್ಣಿಗೆ. ಅಗಸೂರು, ಹಿಲ್ಲೂರು ಕಡೆಯ ಗದ್ದೆಯಲ್ಲಿ ಬಿದ್ದದ್ದು ಮಳೆಯೊಡನೆ ಹಳ್ಳಕ್ಕಿಳಿದು ಗಂಗಾವಳಿಯನ್ನು ಸೇರುತ್ತದೆ. ಕಾರವಾರದ ಕದ್ರಾ, ಮಲ್ಲಾಪುರದ ಕಡೆಯದು ಕಾಳಿಯನ್ನು. ನಿಂತ ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆಯು ಗಾಳಿಯಲ್ಲಿನ ಆಮ್ಲಜನಕ ನೀರಿಗಿಳಿಯುವುದನ್ನು ತಡೆಯುತ್ತದೆ. ಅಳಿವೆಯ ಬಳಚು ನೀರನ್ನು ಸೋಸಿಯೇ ಆಹಾರ ಪಡೆಯುವ ಜೀವಿ. ನೀರಿನಲ್ಲಿರುವ ಎಣ್ಣೆಯೂ ಅದರ ಒಡಲನ್ನು ಸೇರುತ್ತದೆ. ಆದುದರಿಂದ ಸೋರಿಕೆಯು ಕೇವಲ ಗ್ಯಾರೇಜಿನ ವಿಷಯವಲ್ಲ.

ನೇಗಿಲು, ರೋಟವೇಟರುಗಳನ್ನು ಮೇಲೆತ್ತುವ ಶಕ್ತಿ ಒತ್ತಡಕ್ಕೊಳಗಾದ ಎಣ್ಣೆಯದು. ಹ್ಯಾರಿ ಫರ್ಗ್ಯೂಸನ್ ರೂಪಿಸಿದ ಈ ವ್ಯವಸ್ಥೆಯು 1939ರ ಫೋರ್ಡ್-ಫರ್ಗ್ಯೂಸನ್ ಟ್ರ್ಯಾಕ್ಟರಿನ ಮೂಲಕ ವ್ಯಾಪಕವಾಗಿ ಹರಡಿತು. ಫರ್ಗ್ಯೂಸನ್ ಮಾದರಿಯ ಹಳೆಯ ಟ್ರ್ಯಾಕ್ಟರುಗಳಲ್ಲಿ ಪಂಪು ಹಿಂಭಾಗದ ಗೇರ್ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಗೇರಿಗೂ ಲಿಫ್ಟಿಗೂ ಅದೇ ಎಣ್ಣೆ. ಬೇರೆ ಕೆಲವು ಮಾದರಿಗಳಲ್ಲಿ ಗೇರ್ ಪಂಪನ್ನು ಎಂಜಿನಿನ ಪಕ್ಕದಲ್ಲಿ ಜೋಡಿಸಿರುತ್ತಾರೆ. ನಿಮ್ಮದು ಯಾವ ಬಗೆಯದೆಂದು ಮೊದಲು ತಿಳಿಯಿರಿ.

ಎಣ್ಣೆ ಬಿದ್ದ ಜಾಗವೇ ಸೋರಿದ ಜಾಗವಲ್ಲ. ಮೇಲೆ ಜಿನುಗಿದ್ದು ಕಬ್ಬಿಣದ ಮೈಮೇಲೆ ಹರಿದು, ತಗ್ಗಿನಲ್ಲಿ ಹನಿಯಾಗುತ್ತದೆ. ಆದ್ದರಿಂದ ಆ ಭಾಗವನ್ನೆಲ್ಲ ಡೀಸೆಲ್‌ನಿಂದ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ಬಳಿಯಬೇಕು. ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ, ಎಂಜಿನ್ ಚಾಲೂ ಮಾಡಿ ಲಿಫ್ಟನ್ನು ನಾಲ್ಕಾರು ಬಾರಿ ಏರಿಳಿಸಿ, ನಂತರ ಎಂಜಿನ್ ನಿಲ್ಲಿಸಿ ನೋಡಬೇಕು. ಪುಡಿ ಮೊದಲು ಒದ್ದೆಯಾದ ಸ್ಥಳದಲ್ಲಿಯೇ ಮೂಲವಿದೆ.

ಕೆಲವು ಲಕ್ಷಣಗಳನ್ನು ನೆನಪಿಡಿ. ಎಂಜಿನಿಗೆ ಜೋಡಿಸಿದ ಪಂಪಾಗಿದ್ದು, ಹೊರಗೆ ಒಂದು ಹನಿಯೂ ಕಾಣದೆ ಹೈಡ್ರಾಲಿಕ್ ಎಣ್ಣೆ ಕಡಿಮೆಯಾಗಿ, ಎಂಜಿನ್ ಎಣ್ಣೆಯ ಮಟ್ಟ ಮಾತ್ರ ಏರುತ್ತಿದ್ದರೆ, ಪಂಪಿನ ಶಾಫ್ಟಿನ ಸೀಲ್ ಸವೆದಿರುವ ಸಂಭವ ಹೆಚ್ಚು. ಎಣ್ಣೆ ನೊರೆಗಟ್ಟಿ ಪಂಪು ಕೀರಲು ದನಿ ಮಾಡಿದರೆ, ಎಣ್ಣೆ ಹೀರುವ ಕಡೆಯ ಪೈಪು ಅಥವಾ ಅದರ ವಾಷರಿನಿಂದ ಗಾಳಿ ಒಳನುಗ್ಗುತ್ತಿರಬಹುದು. ಎಂಜಿನ್ ನಿಲ್ಲಿಸಿದೊಡನೆ ನೇಗಿಲು ಇಳಿದರೆ ಪಂಪನ್ನೇ ದೂರಬೇಡಿ. ಲಿಫ್ಟ್ ಸಿಲಿಂಡರಿನ ಸೀಲು ಅಥವಾ ವಾಲ್ವನ್ನು ಪರೀಕ್ಷಿಸಿ. ಹಲವು ಕಡೆಗಳಲ್ಲಿ ಒಮ್ಮೆಗೇ ಜಿನುಗಿದರೆ, ಗಾಳಿಯಾಡುವ ರಂಧ್ರವು ಕೆಸರಿನಿಂದ ಮುಚ್ಚಿರಬಹುದು. ಅದನ್ನು ಶುಚಿ ಮಾಡಲು ಖರ್ಚೇ ಇಲ್ಲ.

ನಮ್ಮ ಸೀಮೆಗೆ ಇನ್ನೊಂದು ಕಾರಣವಿದೆ: ನೀರು. 2019ರ ಆಗಸ್ಟ್ ಹಾಗೂ 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿ ಊರುಗಳಿಗೆ ನುಗ್ಗಿತು. ನೆರೆಯಲ್ಲಿ ನಿಂತ ಅಥವಾ ಆಳ ಕೆಸರಿನಲ್ಲಿ ದುಡಿದ ಟ್ರ್ಯಾಕ್ಟರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿದೆ. ಅಂಥ ಎಣ್ಣೆಯಲ್ಲಿ ಶಾಫ್ಟಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಗುಳಿಗಳು ಸೀಲಿನ ತುಟಿಯನ್ನು ತಿನ್ನುತ್ತವೆ. ಗಜನಿಯ ಉಪ್ಪುಕೆಸರು ಈ ಹಾನಿಯನ್ನು ಇಮ್ಮಡಿಸುತ್ತದೆ. ಆ ಸ್ಥಿತಿಯಲ್ಲಿ ಸೀಲನ್ನು ಮಾತ್ರ ಬದಲಿಸಿದರೆ ಮತ್ತೆ ಸೋರುವುದು ನಿಶ್ಚಿತ. ಶಾಫ್ಟಿನ ಮೇಲೆ ಉಗುರಾಡಿಸಿ. ಗೀರು ತಾಗಿದರೆ ಶಾಫ್ಟಿಗೂ ಬುಶ್ಶಿಗೂ ದುರಸ್ತಿ ಬೇಕು. ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿದ ಮೇಲೆಯೇ ಹೊಸ ಸೀಲ್ ಹಾಕಿಸಿ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಚಾಲೂ ಇರುವ ಯಂತ್ರದ ಪೈಪನ್ನು ಕೈಯಿಂದ ಸವರಿ ಸೋರಿಕೆಯನ್ನು ಹುಡುಕಬೇಡಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಬೆರಳನ್ನೇ ಕತ್ತರಿಸಬೇಕಾದ ಪ್ರಸಂಗ ಬರಬಹುದು; ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪರೀಕ್ಷೆಗೆ ರಟ್ಟಿನ ತುಂಡನ್ನು ಬಳಸಿ. ಯಾವುದೇ ಬೋಲ್ಟನ್ನು ಸಡಿಲಿಸುವ ಮುನ್ನ ಉಪಕರಣವನ್ನು ನೆಲಕ್ಕಿಳಿಸಿ ಎಂಜಿನ್ ನಿಲ್ಲಿಸಿರಿ. ಎತ್ತಿದ ನೇಗಿಲಿನಡಿ ಯಾರೂ ಕೂರಬಾರದು.

ಕೊನೆಯದಾಗಿ, ತೆಗೆದ ಎಣ್ಣೆಯನ್ನು ಗೆದ್ದಲಿಗೆ ಸುರಿಯುವುದೂ ಬೇಲಿಯ ಗೂಟಕ್ಕೆ ಬಳಿಯುವುದೂ ನಮ್ಮಲ್ಲಿ ರೂಢಿ. ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವ ವಸ್ತು. ಅದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಪರವಾನಗಿ ಪಡೆದ ಸಂಗ್ರಹಕಾರರಿಗೆ ತಲುಪಿಸಬೇಕು. ಊರಿನ ನಾಲ್ಕಾರು ಮನೆಯವರು ಒಟ್ಟಾಗಿ ಸಂಗ್ರಹಿಸಿದರೆ ಸಾಗಿಸುವುದು ಸುಲಭ.

ಹಳೆಯ ಯಂತ್ರವನ್ನು ದುರಸ್ತಿಯಲ್ಲಿಟ್ಟು ಬಾಳಿಸುವುದು ಮಿತವ್ಯಯವೂ ಹೌದು, ಪರಿಸರದ ಕೆಲಸವೂ ಹೌದು. ಆದರೆ ಸೋರುವ ಯಂತ್ರಕ್ಕೆ ದಿನವೂ ಎಣ್ಣೆ ತುಂಬುತ್ತ ಹೋಗುವುದು ದುರಸ್ತಿಯಲ್ಲ. ಈ ಮಳೆಗಾಲದ ಉಳುಮೆಗೆ ಮುನ್ನ ಒಂದು ರಾತ್ರಿ ನಿಮ್ಮ ಟ್ರ್ಯಾಕ್ಟರಿನಡಿ ಕಾಗದ ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಬಿದ್ದ ಕಲೆಗಳನ್ನು ಎಣಿಸಿ.