ಊರು ಕಟ್ಟುವ ಆಟದಲ್ಲಿ ಮೊದಲು ಯಾವುದು?

(ನಮ್ಮ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನನ್ನ ಇಂದಿನ ವಿಷಯ ಒಂದು ಆಟ. ಆಟಕ್ಕೂ ಒಂದು ಭಾಷಣವೆ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಇದು ದಾಳ ಎಸೆದು ಅದೃಷ್ಟ ನೋಡುವ ಆಟವಲ್ಲ. ಕೈಯಲ್ಲಿರುವ ಅಲ್ಪ ಬಂಡವಾಳವನ್ನು ಯಾವ ಕ್ರಮದಲ್ಲಿ ತೊಡಗಿಸಬೇಕು ಎಂದು ಯೋಚಿಸುವ ಆಟ. ತಿಂಗಳ ಸಂಬಳವನ್ನು ಎಣಿಸಿ ಎಣಿಸಿ ಹಂಚುವ ನಮಗೆ ಆ ಯೋಚನೆ ಹೊಸದೇನಲ್ಲ.

ಆಟದ ಹೆಸರು ‘ಸಿವಿಲೈಸೇಷನ್’, ಅಂದರೆ ನಾಗರಿಕತೆ. ಅಮೆರಿಕದ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ಇದು 1991ರಲ್ಲಿ ಮೊದಲು ಹೊರಬಂತು. 2025ರಲ್ಲಿ ಇದರ ಏಳನೆಯ ಆವೃತ್ತಿಯೂ ಬಂದಿದೆ. ನಾನು ಹೇಳುವ ಲೆಕ್ಕ 2016ರ ಆರನೆಯ ಆವೃತ್ತಿಯದು. ಕಂಪ್ಯೂಟರಿನಲ್ಲಿ ಆಡುವುದಾದರೂ ಇದರಲ್ಲಿ ಅವಸರವಿಲ್ಲ. ಚದುರಂಗದಂತೆ ನಮ್ಮ ಸರದಿ ಬಂದಾಗ ಸಾವಕಾಶವಾಗಿ ಯೋಚಿಸಿ ನಡೆಯಬಹುದು.

ಆಟ ಕ್ರಿ.ಪೂ. 4000ದಲ್ಲಿ ಆರಂಭವಾಗುತ್ತದೆ. ನಮ್ಮ ಕೈಯಲ್ಲಿರುವುದು ವಲಸಿಗರ ಒಂದು ತಂಡ ಮತ್ತು ಒಬ್ಬ ಯೋಧ, ಅಷ್ಟೇ. ವಲಸಿಗರು ನೆಲೆನಿಂತು ಊರು ಕಟ್ಟುತ್ತಾರೆ. ಆ ಊರು ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯಬಲ್ಲದು. ಒಂದೊಂದಕ್ಕೂ ದುಡಿಮೆಯ ಬೆಲೆ ಗೊತ್ತಾಗಿದೆ: ದಾರಿ ನೋಡಿ ಬರುವ ಬೇಹಿನವನಿಗೆ 30, ಕವಣೆ ಬೀಸುವವನಿಗೆ 35, ಹೊಲ ಗಣಿ ಮಾಡಿಕೊಡುವ ಕೆಲಸಗಾರನಿಗೆ 50, ಸ್ಮಾರಕಕ್ಕೆ 60, ಇನ್ನೊಂದು ಊರು ಕಟ್ಟಲು ಹೊರಡುವ ವಲಸಿಗರಿಗೆ 80. ಇವುಗಳಲ್ಲಿ ಮೊದಲು ಯಾವುದು?

ಲೆಕ್ಕ ಸುಲಭವಾಗಲೆಂದು ನಮ್ಮ ಊರಿನ ದುಡಿಮೆ ಸರದಿಗೆ 5 ಎಂದಿಟ್ಟುಕೊಳ್ಳೋಣ. ಬೇಹಿನವನಿಗೆ 6 ಸರದಿ ಬೇಕು, ವಲಸಿಗರಿಗೆ 16. ಹೊಸ ಊರು ಬೇಗ ಎದ್ದಷ್ಟೂ ಅದರ ದುಡಿಮೆ ನಮಗೆ ಬೇಗ ಸೇರುತ್ತದೆ. ಹಾಗಾದರೆ ಮೊದಲು ವಲಸಿಗರನ್ನೇ ಸಿದ್ಧಮಾಡಬಾರದೇಕೆ? ಮಾಡಲು ಬರುವುದಿಲ್ಲ. ಊರಿನ ಜನಸಂಖ್ಯೆ 2 ಆಗುವ ತನಕ ಆಟ ಅದಕ್ಕೆ ಒಪ್ಪುವುದಿಲ್ಲ. 1 ಇದ್ದದ್ದು 2 ಆಗಲು, ಉಂಡು ಉಳಿದ ಆಹಾರ 15 ಸೇರಬೇಕು. ಸರದಿಗೆ 2 ಉಳಿದರೆ 8 ಸರದಿ ಹಿಡಿಯುತ್ತದೆ. ಹೇಗೂ ಕಾಯಬೇಕಾದ ಈ 8 ಸರದಿಯಲ್ಲಿ 6ನ್ನು ಬೇಹಿನವನಿಗೆ ಕೊಟ್ಟರೆ ನಷ್ಟವೇನೂ ಇಲ್ಲ. ಅನುಭವಿಗಳು ಮೊದಲು ಅವನನ್ನು ಕಳುಹಿಸುವುದರ ಗುಟ್ಟು ಇದೇ. ನೀರಿರುವ ಜಾಗವನ್ನೂ ನೆರೆಹೊರೆಯವರನ್ನೂ ಅವನು ನೋಡಿ ಬರುತ್ತಾನೆ. ನೆಲ ಕಾಣದೆ ವಲಸಿಗರನ್ನು ಹೊರಡಿಸುವುದು, ವಿಳಾಸವಿಲ್ಲದೆ ಪರವೂರಿನ ರೈಲು ಹತ್ತಿದಂತೆ.

ಕಾವಲಿನ ಮಾತೂ ಉಂಟು. ಕಾಡಿನಲ್ಲಿ ದಾಳಿಕೋರರ ಬಿಡಾರಗಳಿರುತ್ತವೆ. ಅವರ ಬೇಹಿನವನೂ ಅಲೆಯುತ್ತಿರುತ್ತಾನೆ. ಅವನು ನಮ್ಮ ಊರನ್ನು ಕಂಡು ಬಿಡಾರಕ್ಕೆ ಮರಳಿದನೋ, ದಾಳಿ ಬಂತೆಂದೇ ತಿಳಿಯಿರಿ. ಮರಳುವ ಮುನ್ನ ಅವನನ್ನು ತಡೆದರೆ ಅಪಾಯ ತಪ್ಪಿತು. ಆದ್ದರಿಂದ ಬೇಹಿನವನ ಬೆನ್ನಿಗೆ ಒಬ್ಬ ಕವಣೆಯವನಿರುವುದು ಮೇಲು. ಅವನಿಗೆ 7 ಸರದಿ. ವಲಸಿಗರ ಪ್ರಯಾಣ ಅಷ್ಟು ತಡವಾದೀತು. ಆದರೆ ಊರು ಉಳಿದೀತು.

ಇನ್ನು ‘ಸ್ಟೋನ್‌ಹೆಂಜ್’ ಮುಂತಾದ ಅದ್ಭುತಗಳ ಆಸೆ. ಅದರ ಬೆಲೆ 180. ನಮ್ಮ ಲೆಕ್ಕದಲ್ಲಿ 36 ಸರದಿ! ಅಷ್ಟರಲ್ಲಿ ಬೇರೊಬ್ಬರು ಮೊದಲು ಕಟ್ಟಿ ಮುಗಿಸಿದರೆ ಅದು ನಮಗೆ ದಕ್ಕುವುದಿಲ್ಲ. ಒಂದೇ ಊರಿನ ಒಡೆಯ ಅದಕ್ಕೆ ಕೈಹಾಕುವುದು, ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ ಎಂಬ ಗಾದೆಯಂತಾಯಿತು.

ಬಂಧುಗಳೆ, ಈ ಆಟದ ಒಂದು ನಿಯಮವನ್ನು ನಿಮ್ಮ ಮುಂದೆ ವಿಶೇಷವಾಗಿ ಇಡಬೇಕೆಂದೇ ನಾನು ಬಂದೆ. ವಲಸಿಗರು ಹೊರಟಾಗ 80ರಷ್ಟು ದುಡಿಮೆ ಖರ್ಚಾಗುವುದಷ್ಟೇ ಅಲ್ಲ, ತವರೂರಿನ ಜನಸಂಖ್ಯೆಯಲ್ಲಿ ಒಂದು ಕಡಿಮೆಯಾಗುತ್ತದೆ. ಅವರು ಉಳುತ್ತಿದ್ದ ನೆಲ ಆ ಸರದಿಗೇ ಪಾಳು ಬೀಳುತ್ತದೆ. ಊರು ಮತ್ತೆ ಚೇತರಿಸಿಕೊಳ್ಳಲು ಅನೇಕ ಸರದಿ ಬೇಕು. ಆಟದ ಪರದೆ ಇದನ್ನು ಅಂಕಿಯಲ್ಲಿ ಎದುರಿಗೇ ತೋರಿಸುತ್ತದೆ. ಊರು ಬಿಟ್ಟು ಬಂದ ನಮ್ಮ ಜಮಾಖರ್ಚಿನ ಪುಸ್ತಕದಲ್ಲಿ ಮಾತ್ರ ಈ ಬಾಬು ಕಾಣುವುದಿಲ್ಲ. ನಾವು ಕಳುಹಿಸುವ ಹಣವನ್ನು ಬರೆದಿಡುತ್ತೇವೆ. ನಮ್ಮನ್ನು ಕಳುಹಿಸಿದ ಮನೆಯ ಹೊಲದಲ್ಲಿ ಕಡಿಮೆಯಾದ ಎರಡು ಕೈಗಳನ್ನು ಯಾರು ಬರೆದಿಟ್ಟಿದ್ದಾರೆ?

ಒಳ್ಳೆಯ ಆಟಗಾರ ವಲಸಿಗರನ್ನು ಕಳುಹಿಸಲು ಹಿಂಜರಿಯುವುದಿಲ್ಲ. ತಂಡದಿಂದ ತಂಡಕ್ಕೆ ಬೆಲೆ ಏರುತ್ತಾ ಹೋಗುವುದರಿಂದ ತಡಮಾಡುವುದೂ ಇಲ್ಲ. ಆದರೆ ಅವರು ಹೊರಟೊಡನೆ ಮುಂದಿನ ಕೆಲಸವೆಂದು ಕೆಲಸಗಾರನನ್ನು ಹಿಡಿಯುತ್ತಾನೆ. ಆ ಕೆಲಸಗಾರ ಮೂರು ಕಡೆ ನೆಲ ಹಸನು ಮಾಡಿಕೊಟ್ಟು ಮರೆಯಾಗುತ್ತಾನೆ. ಉಳಿದವರ ಊಟ ಹೆಚ್ಚುತ್ತದೆ, ಊರು ಮತ್ತೆ ತುಂಬುತ್ತದೆ. ಮೊದಲು ನೆಲ ನೋಡು, ಕಾವಲಿಡು, ಆಮೇಲೆ ಕಳುಹಿಸು. ಕಳುಹಿಸಿದ ಮೇಲೆ ಹಿಂದುಳಿದವರನ್ನು ನೋಡಿಕೋ. ನೆಲ ಬದಲಾದಂತೆ ಈ ಕ್ರಮದಲ್ಲಿ ಒಂದೆರಡು ಹಿಂದುಮುಂದಾದೀತು. ಕೊನೆಯದನ್ನು ಮಾತ್ರ ಬಿಡುವಂತಿಲ್ಲ.

ಬಿಡುವಿದ್ದ ತರುಣರು ಆಡಿ ನೋಡಲಿ. ಹಿರಿಯರು ಪಕ್ಕದಲ್ಲಿ ಕುಳಿತು ಲೆಕ್ಕ ಕೇಳಲಿ.