ಕೂಪರ್ಸ್‌ಟೌನ್‌ನ ಗೋಡೆಗೆ ಯಾರ ಮುಖ?



ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕೂಪರ್ಸ್‌ಟೌನ್ ಎಂಬ ಊರಿದೆ. ಊರು ಸಣ್ಣದು, ಆದರೆ ಬೇಸ್‌ಬಾಲ್ ಆಟಗಾರರ ಪಾಲಿಗೆ ಅದೇ ಕಾಶಿ. 1939ರಲ್ಲಿ ಅಲ್ಲಿ ಬಾಗಿಲು ತೆರೆದ ‘ಹಾಲ್ ಆಫ್ ಫೇಮ್’ನ, ಅಂದರೆ ಕೀರ್ತಿಮಂದಿರದ ಗೋಡೆಯ ಮೇಲೆ ಆಟದ ಮಹಾನುಭಾವರ ಮುಖಗಳನ್ನು ಕಂಚಿನ ಫಲಕಗಳಲ್ಲಿ ಕೂರಿಸಲಾಗಿದೆ. ನಮ್ಮ ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಸೇರಿದ ಐಸಿಸಿ ಕೀರ್ತಿಮಂದಿರಕ್ಕೆ ಇದು ಹಿರಿಯಣ್ಣ ಎನ್ನಬಹುದು. ಈಗ ಆಡುತ್ತಿರುವವರಲ್ಲಿ ಆ ಗೋಡೆ ಏರಲು ಯೋಗ್ಯರು ಯಾರು? ಬೇಸ್‌ಬಾಲ್ ಪ್ರಿಯರಿಗೆ ಮುಗಿಯದ ವಾದ ಇದು.

ಮೊದಲು ನಿಯಮ ನೋಡೋಣ. ಆಟಗಾರ ಕನಿಷ್ಠ 10 ಋತು ಆಡಿರಬೇಕು. ನಿವೃತ್ತನಾಗಿ 5 ವರ್ಷ ಕಳೆದಿರಬೇಕು. ಮತ ಹಾಕುವವರು ಬೇಸ್‌ಬಾಲ್ ಬರಹಗಾರರ ಸಂಘದ ಅನುಭವಿ ಪತ್ರಕರ್ತರು. ಒಬ್ಬರು 10 ಹೆಸರುಗಳಿಗಿಂತ ಹೆಚ್ಚು ಗುರುತು ಹಾಕುವಂತಿಲ್ಲ. ಶೇ 75 ಮತ ಬಿದ್ದರೆ ಪ್ರವೇಶ. ಶೇ 5ಕ್ಕಿಂತ ಕಡಿಮೆಯಾದರೆ ಪಟ್ಟಿಯಿಂದಲೇ ಹೊರಗೆ. ಹತ್ತು ವರ್ಷ ಪಟ್ಟಿಯಲ್ಲಿದ್ದೂ ಗೆಲ್ಲದವರಿಗೆ ಸಮಿತಿಯೊಂದರ ಕಿರುಬಾಗಿಲು ಮಾತ್ರ ಉಳಿಯುತ್ತದೆ. ಈ ಮತದಾರರ ಕೈ ಬಲು ಬಿಗಿ. 1936ರ ಮೊದಲ ಚುನಾವಣೆಯಲ್ಲಿ ಬೇಬ್ ರೂತ್ ಅವರಿಗೂ ಎಲ್ಲ ಮತಗಳು ಬೀಳಲಿಲ್ಲ. ಸರ್ವಾನುಮತದಿಂದ ಆಯ್ಕೆಯಾದ ಮೊದಲಿಗ ಮಾರಿಯಾನೊ ರಿವೆರಾ, ಅದೂ 2019ರಲ್ಲಿ. ಜಪಾನಿನ ಇಚಿರೊ ಸುಜುಕಿ ಅವರಿಗೆ 2025ರಲ್ಲಿ 394ರ ಪೈಕಿ 393 ಮತ ಬಂತು!

ಇನ್ನು ಹೆಸರುಗಳಿಗೆ ಬರೋಣ. ಕೆಲವರ ಬಗ್ಗೆ ತಕರಾರಿಲ್ಲ. ಚೆಂಡೆಸೆಯುವ ಜಸ್ಟಿನ್ ವರ್ಲ್ಯಾಂಡರ್, ಮ್ಯಾಕ್ಸ್ ಷೆರ್ಜರ್ ಇಬ್ಬರೂ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಮೂರು ಮೂರು ಸಲ ಪಡೆದವರು. ಚೆಂಡು ತಪ್ಪಿಸಿ ದಾಂಡಿಗನನ್ನು ಹಿಂದೆ ಕಳಿಸುವ ‘ಸ್ಟ್ರೈಕ್‌ಔಟ್’ಗಳಲ್ಲಿ ಇಬ್ಬರೂ 3,000 ದಾಟಿದ್ದಾರೆ. ಮೈಕ್ ಟ್ರೌಟ್ 2014, 2016, 2019ರಲ್ಲಿ ತಮ್ಮ ಲೀಗಿನ ಅತ್ಯಮೂಲ್ಯ ಆಟಗಾರ. ಆದರೆ 2025ರವರೆಗೆ ಅವರು ನಿರ್ಣಾಯಕ ಘಟ್ಟದ ಪಂದ್ಯಗಳನ್ನು ಆಡಿದ್ದು 2014ರಲ್ಲಿ ಮಾತ್ರ, ಅದೂ ಮೂರೇ ಮೂರು. ಮೂರರಲ್ಲೂ ಅವರ ತಂಡ ಸೋತಿತು. ತಂಡದ ದೌರ್ಬಲ್ಯಕ್ಕೆ ಒಬ್ಬನನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಶೊಹೈ ಒಟಾನಿ ಅವರದು ಬೇರೆಯೇ ಕಥೆ. ಎಸೆತ, ಹೊಡೆತ ಎರಡರಲ್ಲೂ ಅಗ್ರಪಂಕ್ತಿಯಲ್ಲಿ ನಿಲ್ಲುವ ಈ ಜಪಾನಿ 2024ರಲ್ಲಿ 54 ಹೋಂ ರನ್ ಹೊಡೆದು, 59 ಬೇಸ್ ಕದ್ದರು. ಒಂದೇ ಋತುವಿನಲ್ಲಿ ಎರಡರಲ್ಲೂ ಐವತ್ತು ಮುಟ್ಟಿದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಅವರು ಅಮೆರಿಕದಲ್ಲಿ ಆಟ ಆರಂಭಿಸಿದ್ದು 2018ರಲ್ಲಿ. ಹತ್ತನೆಯ ಋತು 2027ರದು. ಹತ್ತರ ನಿಯಮಕ್ಕೂ ವಿನಾಯಿತಿ ಸಿಕ್ಕ ಉದಾಹರಣೆ ಉಂಟು. ಒಂಬತ್ತೇ ಋತು ಆಡಿ 1911ರಲ್ಲಿ ಮೆದುಳುಪೊರೆಯ ಉರಿಯೂತದಿಂದ ತೀರಿಕೊಂಡ ಆ್ಯಡಿ ಜಾಸ್ ಅವರನ್ನು 1978ರಲ್ಲಿ ಆರಿಸಲಾಯಿತು.

ನಿಜವಾದ ಜಗಳ ಶುರುವಾಗುವುದು ಇದರ ನಂತರ. ಜೇಕಬ್ ಡಿಗ್ರಾಮ್ 2018 ಮತ್ತು 2019ರಲ್ಲಿ ಸೈ ಯಂಗ್ ಪಡೆದವರು. ಆದರೆ ಗಾಯಗಳ ಕಾಟದಿಂದ 2025ರ ಕೊನೆಗೂ ಅವರ ಗೆಲುವುಗಳು ನೂರು ಮುಟ್ಟಿರಲಿಲ್ಲ. ಶಿಖರದ ಎತ್ತರ ಮುಖ್ಯವೋ, ದಾರಿಯ ಉದ್ದ ಮುಖ್ಯವೋ? ಎತ್ತರವೇ ಮುಖ್ಯ ಎನ್ನುವವರು ಸ್ಯಾಂಡಿ ಕೌಫ್ಯಾಕ್ಸ್ ಅವರತ್ತ ಬೆರಳು ತೋರಿಸುತ್ತಾರೆ. ಮೊಣಕೈ ನೋವಿನಿಂದ ಮೂವತ್ತಕ್ಕೇ ಆಟ ಬಿಟ್ಟ ಅವರ ಗೆಲುವು 165; ಆದರೂ 1972ರಲ್ಲಿ ಮಂದಿರ ಅವರನ್ನು ಕೈಹಿಡಿದು ಕರೆದುಕೊಂಡಿತು.

ಹೋಸೆ ಆಲ್ಟುವೆ ವಿಷಯದಲ್ಲಿ ಪ್ರಶ್ನೆ ಅಂಕಿಯದಲ್ಲ, ನಡತೆಯದು. ಮತದಾರರು ಆಟದ ಜತೆ ಪ್ರಾಮಾಣಿಕತೆ, ಶೀಲವನ್ನೂ ತೂಗಬೇಕೆಂದು ನಿಯಮ ಹೇಳುತ್ತದೆ. ತೂಗುವ ಬಗೆಯನ್ನು ಮಾತ್ರ ಹೇಳುವುದಿಲ್ಲ. 762 ಹೋಂ ರನ್ ಹೊಡೆದ ಬ್ಯಾರಿ ಬಾಂಡ್ಸ್, ಬಲವರ್ಧಕ ಮದ್ದಿನ ಆರೋಪದ ನೆರಳಿನಲ್ಲಿ, 2022ರ ಕೊನೆಯ ಅವಕಾಶದಲ್ಲೂ ಶೇ 66ಕ್ಕೇ ನಿಂತರು. ಆಲ್ಟುವೆ ಇದ್ದ ತಂಡ 2017ರಲ್ಲಿ ಕ್ಯಾಮೆರಾದಿಂದ ಎದುರಾಳಿಗಳ ಸನ್ನೆ ಕದ್ದು, ಕಸದ ಡಬ್ಬಿ ಬಡಿದು ದಾಂಡಿಗರಿಗೆ ತಿಳಿಸುತ್ತಿತ್ತೆಂದು 2020ರಲ್ಲಿ ತನಿಖೆ ಸಾರಿತು. ಆ ವರದಿ ಹೆಸರಿಸಿದ ಒಬ್ಬನೇ ಆಟಗಾರ ಕಾರ್ಲೋಸ್ ಬೆಲ್ಟ್ರಾನ್. 2026ರ ಜನವರಿಯಲ್ಲಿ ಮತದಾರರು ಅವರನ್ನೇ ಆರಿಸಿದರು. ಹೀಗಿರುವಾಗ ಆಲ್ಟುವೆ ಅವರನ್ನು ಹೊರಗಿಡುವುದು ಸುಲಭವಲ್ಲ.

ಆದರೆ ಈ ವಾದಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ: ಲೆಕ್ಕದ ಪುಸ್ತಕ ಎಲ್ಲರಿಗೂ ಒಂದೇ ಎಂದು. ಅದು ಹಾಗಿರಲಿಲ್ಲ. 1947ರ ಏಪ್ರಿಲ್‌ನಲ್ಲಿ ಜಾಕಿ ರಾಬಿನ್ಸನ್ ಮೈದಾನಕ್ಕೆ ಇಳಿಯುವವರೆಗೆ ಕರಿಯ ಆಟಗಾರರಿಗೆ ದಶಕಗಳ ಕಾಲ ದೊಡ್ಡ ಲೀಗುಗಳ ಬಾಗಿಲು ಮುಚ್ಚಿತ್ತು. ಅವರಲ್ಲಿ ಮಹಾ ದಾಂಡಿಗನೆನಿಸಿದ ಜಾಶ್ ಗಿಬ್ಸನ್ ಕಣ್ಣು ಮುಚ್ಚಿದ್ದು ಅದೇ ವರ್ಷದ ಜನವರಿಯಲ್ಲಿ, 35ರ ಹರೆಯದಲ್ಲಿ. ಬಾಗಿಲು ತೆರೆದದ್ದು ಮೂರು ತಿಂಗಳು ತಡವಾಗಿ. 1966ರಲ್ಲಿ ಟೆಡ್ ವಿಲಿಯಮ್ಸ್ ತಮಗೇ ಗೌರವ ಸಂದ ವೇದಿಕೆಯಲ್ಲಿ ನಿಂತು, ಗಿಬ್ಸನ್ ಮತ್ತು ಸ್ಯಾಚೆಲ್ ಪೇಜ್ ಅವರಿಗೂ ಇಲ್ಲಿ ಜಾಗ ಸಿಗಲಿ ಎಂದು ಕೇಳಿದರು. ಪೇಜ್ 1971ರಲ್ಲಿ, ಗಿಬ್ಸನ್ 1972ರಲ್ಲಿ ಮಂದಿರ ಸೇರಿದರು. 2024ರಲ್ಲಿ ನೀಗ್ರೊ ಲೀಗುಗಳ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದಾಗ ಗಿಬ್ಸನ್ ಸರಾಸರಿ 0.372 ಆಗಿ, ಟೈ ಕಾಬ್ ಅವರ ಹೆಸರಿನಲ್ಲಿದ್ದ ದಾಖಲೆ ಅಳಿಯಿತು. ಅದನ್ನು ನೋಡಲು ಗಿಬ್ಸನ್ ಇರಲಿಲ್ಲ.

ಟ್ರೌಟ್, ಒಟಾನಿ, ಡಿಗ್ರಾಮ್ ಅವರ ಬಗ್ಗೆ ಈಗಲೇ ವಾದಿಸುವುದು ಕಾಲಹರಣವೆಂದು ಕೆಲವರಿಗೆ ಅನಿಸಬಹುದು. ಆದರೆ ಯೋಗ್ಯತೆಯ ಮಾತು ಆಟಗಾರ ಕಣ್ಣೆದುರು ಇರುವಾಗಲೇ ನಡೆಯುವುದು ಒಳ್ಳೆಯದು. ಕಂಚಿನ ಫಲಕ ಎಂದಾದರೂ ಸಿದ್ಧವಾದೀತು. ಅದನ್ನು ಕಣ್ತುಂಬ ನೋಡುವ ಭಾಗ್ಯ ಗಿಬ್ಸನ್‌ಗೆ ತಪ್ಪಿದಂತೆ ಇನ್ನೊಬ್ಬರಿಗೆ ತಪ್ಪಬಾರದು.