ವಸ್ತುವಲ್ಲ, ವಿನ್ಯಾಸವೇ ಸರಕು



ಹೊಸ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಮೂರು ಆಯಾಮದ ಮುದ್ರಣಯಂತ್ರ ಕೊಂಡವರು ಬಹುತೇಕ ಮೊದಲು ಒಂದು ಪುಟ್ಟ ದೋಣಿಯನ್ನು ಮುದ್ರಿಸಿ ನೋಡುತ್ತಾರೆ. ಆರು ಸೆಂಟಿಮೀಟರ್ ಉದ್ದದ ಈ ದೋಣಿಯ ಹೆಸರು ಬೆಂಚಿ. ಅದರ ಕಿಟಕಿ, ಚಾವಣಿ, ಹೊಗೆಕೊಳವೆಗಳು ನೆಟ್ಟಗೆ ಮೂಡಿದರೆ ಯಂತ್ರ ಸರಿಯಾಗಿದೆ ಎಂದರ್ಥ. 2015ರಲ್ಲಿ ಸ್ವೀಡನ್ನಿನ ಕ್ರಿಯೇಟಿವ್ ಟೂಲ್ಸ್ ಸಂಸ್ಥೆ ಇದರ ವಿನ್ಯಾಸವನ್ನು ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿತು. ಹತ್ತು ವರ್ಷಗಳ ಬಳಿಕ ಇದೇ ದೋಣಿ ವಿವಾದಕ್ಕೆ ಸಿಲುಕಿತು. ಅದು ಅರ್ಥವಾಗಬೇಕಾದರೆ ಇಂಥ ವಿನ್ಯಾಸಗಳ ಪೇಟೆ ಬೆಳೆದುಬಂದ ಬಗೆಯನ್ನು ನೋಡಬೇಕು.

ಜಿಲೇಬಿ ಮಾಡುವವನು ಹಿಟ್ಟನ್ನು ಸುತ್ತುಸುತ್ತಾಗಿ ಎಣ್ಣೆಗೆ ಬಿಡುತ್ತಾನಲ್ಲವೆ? ಈ ಯಂತ್ರವೂ ಹಾಗೆಯೇ ಕರಗಿದ ಪ್ಲಾಸ್ಟಿಕ್ಕಿನ ಎಳೆಯನ್ನು ಪದರದ ಮೇಲೆ ಪದರವಾಗಿ ಹಾಕುತ್ತ ವಸ್ತುವನ್ನು ಕಟ್ಟುತ್ತದೆ. ಕಂಪ್ಯೂಟರಿನಲ್ಲಿ ರಚಿಸಿದ ವಿನ್ಯಾಸವೇ ಅದಕ್ಕೆ ಆಧಾರ. ಈ ವಿಧಾನಕ್ಕೆ ಅಮೆರಿಕದ ಸ್ಕಾಟ್ ಕ್ರಂಪ್ 1992ರಲ್ಲಿ ಪೇಟೆಂಟ್ ಪಡೆದಿದ್ದರು. ಅವರ ಸ್ಟ್ರಾಟಸಿಸ್ ಕಂಪನಿಯ ಯಂತ್ರಗಳ ಬೆಲೆ ಸಾಮಾನ್ಯರಿಗೆ ಎಟುಕುವಂಥದಾಗಿರಲಿಲ್ಲ. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್, ತನ್ನ ಬಿಡಿಭಾಗಗಳನ್ನು ಬಹುಮಟ್ಟಿಗೆ ತಾನೇ ಮುದ್ರಿಸಿಕೊಳ್ಳುವ ಅಗ್ಗದ ಯಂತ್ರದ ಯೋಜನೆಯನ್ನು ಆರಂಭಿಸಿದರು. ಅದರ ನಕ್ಷೆಗಳನ್ನು ಎಲ್ಲರಿಗೂ ತೆರೆದಿಟ್ಟರು. 2009ರಲ್ಲಿ ಪೇಟೆಂಟಿನ ಅವಧಿಯೂ ಮುಗಿಯಿತು. ಯಂತ್ರ ಮನೆಮನೆಗೆ ಬರುವ ದಾರಿ ತೆರೆಯಿತು.

ಯಂತ್ರವೇನೋ ಬಂದಿತು, ಮುದ್ರಿಸುವುದು ಏನನ್ನು? ಈ ಪ್ರಶ್ನೆಗೆ ಉತ್ತರವಾಗಿ 2008ರಲ್ಲೇ ಥಿಂಗಿವರ್ಸ್ ಎಂಬ ತಾಣ ಹುಟ್ಟಿತ್ತು. ಒಬ್ಬರು ವಿನ್ಯಾಸ ಇಡುವುದು, ಇನ್ನೊಬ್ಬರು ಒಯ್ದು ಮುದ್ರಿಸುವುದು, ಮತ್ತೊಬ್ಬರು ತಿದ್ದಿ ಮರಳಿ ಇಡುವುದು ಅಲ್ಲಿಯ ರೂಢಿ. ದೀಪದಿಂದ ದೀಪ ಹಚ್ಚಿದರೆ ಮೊದಲ ದೀಪದ ಬೆಳಕು ಕುಂದುವುದಿಲ್ಲ. ಬೆರಳು ಕಳೆದುಕೊಂಡ ದಕ್ಷಿಣ ಆಫ್ರಿಕದ ಬಡಗಿ ರಿಚರ್ಡ್ ವಾನ್ ಆಸ್, ಅಮೆರಿಕದ ಐವನ್ ಓವನ್ ಜೊತೆಗೂಡಿ ರೂಪಿಸಿದ ಕೃತಕ ಕೈಯ ವಿನ್ಯಾಸ 2013ರಲ್ಲಿ ಹೀಗೆಯೇ ಲೋಕಕ್ಕೆ ದೊರೆಯಿತು.

ಆದರೆ ಅದೇ 2013ರಲ್ಲಿ, ಥಿಂಗಿವರ್ಸಿನ ಒಡೆತನವಿದ್ದ ಮೇಕರ್‌ಬಾಟ್ ಕಂಪನಿಯನ್ನು ಸ್ಟ್ರಾಟಸಿಸ್ ಕೊಂಡುಕೊಂಡಿತು. ಹಂಚಿಕೆಯ ಅಂಗಳಕ್ಕೆ ಪೇಟೆಂಟಿನ ಹಳೆಯ ಒಡೆಯರೇ ಯಜಮಾನರಾದರು! ಇತ್ತ ಲಂಡನ್ನಿನ ಮೈಮಿನಿಫ್ಯಾಕ್ಟರಿ, ಫ್ರಾನ್ಸಿನ ಕಲ್ಟ್ಸ್ ಮುಂತಾದ ತಾಣಗಳಲ್ಲಿ ಉಚಿತ ವಿನ್ಯಾಸಗಳ ಪಕ್ಕದಲ್ಲೇ ಬೆಲೆಯಿಟ್ಟ ವಿನ್ಯಾಸಗಳೂ ಕಾಣಿಸಿಕೊಂಡವು. ಇಲ್ಲಿ ಮಾರಾಟವಾಗುವುದು ವಸ್ತುವಲ್ಲ, ಫೈಲು. ಎಷ್ಟು ಮಾರಿದರೂ ಅದು ತೀರುವುದಿಲ್ಲ. ಕದ್ದರೂ ಇದ್ದಲ್ಲೇ ಇರುತ್ತದೆ. ಹೀಗಾಗಿ ಅದಕ್ಕೆ ಇರುವ ಬೇಲಿಯೆಂದರೆ ಜೊತೆಗೆ ಬರೆದಿಟ್ಟ ಪರವಾನಗಿಯ ಮಾತು: ‘ಹೆಸರು ಹೇಳಿ ಬಳಸಿ’, ‘ಮಾರಬೇಡಿ’, ‘ಬದಲಿಸಬೇಡಿ’.

ಆ ಬೇಲಿ ಎಷ್ಟು ಗಟ್ಟಿ? 2016ರಲ್ಲಿ ಪರೀಕ್ಷೆ ಎದುರಾಯಿತು. ಒಬ್ಬ ಮಾರಾಟಗಾರ ಥಿಂಗಿವರ್ಸಿನ ವಿನ್ಯಾಸಗಳನ್ನು ಎತ್ತಿ, ಅವುಗಳಿಂದ ಮಾಡಿದ ವಸ್ತುಗಳನ್ನು ಇಬೇಯಲ್ಲಿ ಮಾರಾಟಕ್ಕಿಟ್ಟ. ‘ಮಾರಬೇಡಿ’ ಎಂದು ಬರೆದಿದ್ದವೂ ಅವುಗಳಲ್ಲಿದ್ದವು. ಬಹಿರಂಗವಾಗಿ ಇಟ್ಟದ್ದು ಎಲ್ಲರ ಸ್ವತ್ತು ಎಂಬುದು ಅವನ ವಾದ. ತನ್ನ ಡ್ರ್ಯಾಗನ್ ಬೊಂಬೆಯನ್ನು ಅಲ್ಲಿ ಕಂಡ ವಿನ್ಯಾಸಗಾರ್ತಿಯೊಬ್ಬಳು ಅಳುಮೋರೆಯ ಮುಖವೊಂದನ್ನು ರಚಿಸಿ, ಅದರೊಂದಿಗೇ ತನ್ನ ದೂರನ್ನು ಪ್ರಕಟಿಸಿದಳು. ಪ್ರತಿಭಟನೆ ಬೆಳೆಯಿತು, ಕೊನೆಗೆ ಆ ಸರಕು ಇಬೇಯಿಂದ ಕೆಳಗಿಳಿಯಿತು. ಆದರೂ ಪ್ರಶ್ನೆ ಪೂರ್ತಿ ತೀರಲಿಲ್ಲ. ಬೊಂಬೆಯಂಥ ಕಲಾಕೃತಿಗೆ ಕೃತಿಸ್ವಾಮ್ಯ ಸುಲಭವಾಗಿ ಸಲ್ಲುತ್ತದೆ. ಬಾಗಿಲ ಹಿಡಿಯಂಥ ಉಪಯೋಗದ ವಸ್ತುವಿಗೆ ಅಷ್ಟು ಸುಲಭವಲ್ಲ.

ಇನ್ನು ಬೆಂಚಿಯ ಕಥೆ. ಅದರ ಪರವಾನಗಿಯಲ್ಲಿ ‘ಬದಲಿಸಿ ಹಂಚಬೇಡಿ’ ಎಂದಿತ್ತು. ಜನ ಅದನ್ನು ಗಮನಿಸದೆ ದೋಣಿಗೆ ಚಕ್ರ, ಕಾಲು ಜೋಡಿಸಿ ನಲಿದರು, ಯಾರೂ ತಡೆಯಲಿಲ್ಲ. 2025ರ ಆರಂಭದಲ್ಲಿ ಹೊರಗಿನವರೊಬ್ಬರ ದೂರಿನ ಮೇಲೆ ಪ್ರಿಂಟಬಲ್ಸ್ ಎಂಬ ತಾಣ ಅಂಥ ರೂಪಾಂತರಗಳನ್ನು ತೆಗೆಯತೊಡಗಿದಾಗ ಕೋಲಾಹಲವೆದ್ದಿತು. ಅಷ್ಟರಲ್ಲಿ ದೋಣಿಯ ಹಕ್ಕು ಪಡೆದಿದ್ದ ಎನ್‌ಟಿಐ ಸಮೂಹ ಅದೇ ಫೆಬ್ರುವರಿಯಲ್ಲಿ ಹಕ್ಕನ್ನು ಬಿಟ್ಟುಕೊಟ್ಟು, ಬೆಂಚಿ ಸಾರ್ವಜನಿಕ ಸ್ವತ್ತೆಂದು ಸಾರಿತು.

ಬೆಂಚಿ ಎಲ್ಲರದಾದದ್ದು ಎಲ್ಲರೂ ಅದನ್ನು ಬಳಸಿದ್ದರಿಂದಲ್ಲ, ಒಡೆಯರು ಬಿಟ್ಟುಕೊಟ್ಟಿದ್ದರಿಂದ. ಉಚಿತವಾಗಿ ಬಂದದ್ದಕ್ಕೂ ಒಬ್ಬ ಕರ್ತೃವಿರುತ್ತಾನೆ. ಅವನ ಮಾತಿಗೆ ಬೆಲೆಯಿದ್ದಷ್ಟು ಕಾಲ ಕೊಡುವ ಕೈಗಳೂ ಇರುತ್ತವೆ.